ಎರಡು ಪೆಟ್ಟಿಗೆಯ ನಡುವೆ ನಿಂತವಳು

ಹೋದ ತಿಂಗಳು ಅರಸೀಕೆರೆಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ಜಿನುಗು ಮಳೆ ಹಿಡಿಯಿತು. ಒಂದು ಅಂಗಡಿಯ ತಗಡಿನ ಸೂರಿನ ಕೆಳಗೆ ನಿಂತೆ. ಕಂಬಳಿ ಹೊದ್ದ ಮುದುಕನೊಬ್ಬ ಬಂದು ನನ್ನ ಭುಜಕ್ಕೆ ಭುಜ ತಾಗುವ ಹಾಗೆ ನಿಂತ. ಕಂಬಳಿ ನೆಂದಿತ್ತು. ಕುರಿಯ ಉಣ್ಣೆ ನೆಂದಾಗ ಒಂದು ವಾಸನೆ ಬರುತ್ತದಲ್ಲ, ಸ್ವಲ್ಪ ಜಿಡ್ಡು, ಸ್ವಲ್ಪ ಮಣ್ಣು, ಸ್ವಲ್ಪ ಹಟ್ಟಿ... ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಅರಸೀಕೆರೆಯಲ್ಲಿ ಇರಲಿಲ್ಲ. ಬೇಲೂರಿನ ಒಂದು ಕೋಣೆಯಲ್ಲಿದ್ದೆ. ಗೋಡೆ ತುಂಬ ಪುಸ್ತಕ, ಮುಂದೆ ಎರಡು ಸಣ್ಣ ಸ್ಪೀಕರ್ ಪೆಟ್ಟಿಗೆ, ಅವುಗಳೆದುರು ಕಣ್ಣು ಮುಚ್ಚಿ ಕೂತ ಡಾಕ್ಟರಮ್ಮ.

ಮಳೆ ನಿಂತಮೇಲೂ ನಾನು ಅಲ್ಲೇ ನಿಂತಿದ್ದೆ. ಒಂದು ಬಸ್ಸು ತಪ್ಪಿತು.

ನಾನು ಹಳೇಬೀಡಿನ ಮರಗೆಲಸದವನು. ಬೇಲೂರು ರಸ್ತೆಯಲ್ಲಿ ನನ್ನ ಶೆಡ್ಡಿದೆ. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ, ಇವೇ ನನ್ನ ಕೆಲಸ. ಡಾಕ್ಟರಮ್ಮನ ಮನೆ ಬೇಲೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಮುಂದಿನ ಕೋಣೆ ಕ್ಲಿನಿಕ್ಕು, ಹಿಂದೆ ಮನೆ. ಮದುವೆಯಾಗಿರಲಿಲ್ಲ. ಸುತ್ತಮುತ್ತಲ ಹಳ್ಳಿಯ ಮಕ್ಕಳೆಲ್ಲ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡೇ ದೊಡ್ಡವಾದವು. ಮಾತು ಕಡಿಮೆ. ಕಾಯಿಲೆಯವರ ಎದೆಗೆ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿದರೆಂದರೆ ಹೊರಗೆ ಬೆಂಚಿನ ಮೇಲೆ ಕೂತವರೂ ಕೆಮ್ಮು ತಡೆದುಕೊಳ್ಳುತ್ತಿದ್ದರು. ಅವರು ಕೇಳಿಸಿಕೊಳ್ಳುವ ರೀತಿಯೇ ಹಾಗಿತ್ತು. ಪೂರ್ತಿ ಮೈಯನ್ನೇ ಕಿವಿಯಾಗಿಸಿಕೊಂಡು ಕೂತವರ ಹಾಗೆ.

ನನ್ನನ್ನು ಕರೆಸಿದ್ದು ಔಷಧಿ ಬಾಟಲಿ ಇಡುವ ಕಪಾಟಿಗೆ. ಅಳತೆ ತೆಗೆದುಕೊಂಡು ಹೊರಡುವವನನ್ನು ನಿಲ್ಲಿಸಿ, ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಹಳೆಯ ಎರಡು ಸ್ಪೀಕರ್ ಇದ್ದವು. ಮೈಸೂರಿನಲ್ಲಿ ಓದುವಾಗ, ಊರು ಬಿಟ್ಟು ಹೋಗುತ್ತಿದ್ದ ಮೇಷ್ಟ್ರೊಬ್ಬರಿಂದ ಕೊಂಡದ್ದಂತೆ. ಮುಂದಿನ ಕಪ್ಪು ತಟ್ಟೆಯ ಅಂಚಿನ ಸ್ಪಂಜು ಉದುರಿ ಪುಡಿಯಾಗಿತ್ತು. ಬೆರಳಿಟ್ಟರೆ ಬೂದಿಯ ಹಾಗೆ ಅಂಟಿಕೊಳ್ಳುತ್ತಿತ್ತು.

"ಇವಕ್ಕೆ ಬುಕ್‌ಶೆಲ್ಫ್ ಸ್ಪೀಕರ್ ಅಂತಾರೆ ಆಚಾರ್ರೆ," ಅಂದರು. "ಹೆಸರು ಹಾಗೆ. ಪುಸ್ತಕದ ಕಪಾಟಿನೊಳಗೆ ಮಾತ್ರ ಇಡಬಾರದು."

ಆಮೇಲೆ ಮೇಜಿನ ಕೆಳಗಿಂದ ಒಂದು ರಟ್ಟಿನ ಡಬ್ಬ ಎಳೆದರು. ಅದರಲ್ಲಿ ಹೊಸ ಸ್ಪೀಕರ್ ಯೂನಿಟ್‌ಗಳಿದ್ದವು. ಒಂದೊಂದು ಪೆಟ್ಟಿಗೆಗೆ ಎರಡೆರಡು. ದೊಡ್ಡದು ಅಂಗೈಯಗಲ, ದಪ್ಪ ಸದ್ದಿಗೆ. ಚಿಕ್ಕದು ತೆಳುವಾದ, ಮೇಲಿನ ಸದ್ದಿಗೆ. ಅದಕ್ಕೆ ಟ್ವೀಟರ್ ಎನ್ನುತ್ತಾರೆ. ಅದರ ನಡುವೆ ಹೆಬ್ಬೆರಳಷ್ಟೇ ಅಗಲದ ಒಂದು ರೇಷ್ಮೆಯ ಉಬ್ಬು. ಮುಟ್ಟಬೇಡಿ ಎಂದು ಅವರು ಹೇಳುವಷ್ಟರಲ್ಲಿ ನನ್ನ ಕೈ ಹಿಂದೆ ಬಂದಿತ್ತು. ಅಷ್ಟು ನಾಜೂಕಾದದ್ದನ್ನು ನೋಡಿದಾಗ ಕೈಗೆ ತಾನಾಗಿಯೇ ಗೊತ್ತಾಗುತ್ತದೆ.

ಇವಕ್ಕೆ ಪೆಟ್ಟಿಗೆ ಬೇಕಿತ್ತು. ಅಳತೆಯ ಚಿತ್ರ ಅವರೇ ಬರೆದಿಟ್ಟಿದ್ದರು. ಯಾವ ಮರ ಎಂಬುದನ್ನು ಮಾತ್ರ ನನಗೆ ಬಿಟ್ಟರು. ನಾನು ಉಬ್ಬಿಹೋದೆ.

"ಹಲಸಿನ ಮರದಲ್ಲಿ ಮಾಡ್ತೀನಿ ಡಾಕ್ಟ್ರಮ್ಮ. ವೀಣೆಗೆ ಹಾಕೋ ಮರ. ನಮ್ಮ ಶೆಡ್ಡಲ್ಲೇ ಒಣಗಿದ್ದು ಐತೆ."

ಅವರು ಸ್ವಲ್ಪ ನಕ್ಕರು. "ಮಾಡಿ ನೋಡೋಣ," ಅಂದರು.

ನನ್ನ ಕೈಯಲ್ಲಿ ಅಂಥ ಕೆಲಸ ಅದುವರೆಗೆ ಆಗಿರಲಿಲ್ಲ. ಮೂಲೆ ಸೇರಿಸಿದ ಕಡೆ ಉಗುರು ಆಡಿಸಿದರೂ ಗೆರೆ ಸಿಗುತ್ತಿರಲಿಲ್ಲ. ಅರಗು ಹಚ್ಚಿದಮೇಲೆ ಮರ ಜೇನಿನ ಬಣ್ಣಕ್ಕೆ ತಿರುಗಿತು. ಟೆಂಪೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬೇಲೂರಿಗೆ ಒಯ್ದೆ. ಯೂನಿಟ್ ಕೂರಿಸಿ, ತಂತಿ ಜೋಡಿಸಿ, ಒಂದು ಸಿ.ಡಿ. ಹಾಕಿದರು. ಒಬ್ಬ ಹೆಣ್ಣುಮಗಳ ಹಾಡು, ಜೊತೆಗೆ ತಂಬೂರಿ, ಮೃದಂಗ, ತಾಳ. ನನಗಂತೂ ಬಹಳ ಚೆನ್ನಾಗಿ ಕೇಳಿಸಿತು. ಡಾಕ್ಟರಮ್ಮ ಒಂದು ಹಾಡು ಪೂರ್ತಿ ಕೇಳಿದರು. ಎದ್ದು ಹೋಗಿ ಸ್ಟೆತಾಸ್ಕೋಪು ತಂದರು. ಅದನ್ನು ಪೆಟ್ಟಿಗೆಯ ಪಕ್ಕೆಗೆ ಇಟ್ಟು, ಕಣ್ಣು ಮುಚ್ಚಿದರು. ಮಗುವಿನ ಎದೆಗೆ ಇಟ್ಟ ಹಾಗೆಯೇ.

ಆಮೇಲೆ ಅದನ್ನು ಬಿಚ್ಚಿ ನನ್ನ ಕಿವಿಗೆ ಹಾಕಿದರು. ಮೃದಂಗದ ಪೆಟ್ಟು ಬಿತ್ತು, ನಿಂತಿತು. ನನ್ನ ಪೆಟ್ಟಿಗೆ ನಿಲ್ಲಲಿಲ್ಲ. ಊಂ ಎಂದು ಒಳಗೊಳಗೇ ಗುನುಗುತ್ತಲೇ ಇತ್ತು.

"ವೀಣೆ ಹಾಡಬೇಕು ಆಚಾರ್ರೆ," ಅಂದರು. "ಇದು ಹಾಡಕೂಡದು. ಬಂದದ್ದನ್ನ ಆಚೆಗೆ ಬಿಟ್ಟು ತಾನು ಸುಮ್ಮನಿರಬೇಕು."

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ನೋಡಿದವರ ಕಣ್ಣು ನಿಲ್ಲಬೇಕು ಎಂದೇ ಅಲ್ಲಿಯವರೆಗೆ ಮರ ಕೆತ್ತಿದವನು ನಾನು. ಇವರಿಗೆ ಇದ್ದೂ ಇಲ್ಲದ ಹಾಗಿರುವ ಪೆಟ್ಟಿಗೆ ಬೇಕಂತೆ. ಬಸ್ಸಿನಲ್ಲಿ ಹಳೇಬೀಡಿಗೆ ಬರುವಷ್ಟು ಹೊತ್ತೂ ಅದೇ ಯೋಚನೆ. ಊರು ಬರುವಷ್ಟರಲ್ಲಿ ಬೇಜಾರು ಹೋಗಿ ಹಟ ಬಂದಿತ್ತು.

ಹಲಸು ಬಿಟ್ಟು ಒಳ್ಳೆಯ ಪ್ಲೈವುಡ್‌ನಲ್ಲಿ ಮಾಡಿದೆ. ಒಳಗೆ ಅಡ್ಡಪಟ್ಟಿ ಕೊಟ್ಟೆ. ಗುನುಗು ಕಡಿಮೆಯಾಯಿತು, ಹೋಗಲಿಲ್ಲ. ಒಳಗೆ ತುಂಬುವುದಕ್ಕೆ ಕುರಿಯ ಉಣ್ಣೆ ಒಳ್ಳೆಯದು ಎಂದು ಡಾಕ್ಟರಮ್ಮ ಎಲ್ಲೋ ಓದಿದ್ದರು. ಕಣಕಟ್ಟೆ ಕಡೆ ಕಂಬಳಿ ನೇಯುವವರ ಮನೆಯಿಂದ ಒಂದು ಚೀಲ ಉಣ್ಣೆ ತಂದೆ. ನನ್ನ ಹೆಂಡತಿ ಅದನ್ನು ಬಿಸಿನೀರಿನಲ್ಲಿ ತೊಳೆದು, ತಾರಸಿಯ ಮೇಲೆ ಒಣಗಿಸಿ, ಕೈಯಲ್ಲಿ ಬಿಡಿಸಿ ಬಿಡಿಸಿ ಹಿಂಜಿದಳು. ವಾಸನೆ ವಾರಗಟ್ಟಲೆ ಮನೆ ಬಿಡಲಿಲ್ಲ. "ಸ್ಪೀಕರ್ರೋ ಕುರೀನೋ," ಎಂದು ಬೈದುಕೊಂಡೇ ಹಿಂಜಿದಳು. ಅವಳಿಗೂ ಕುತೂಹಲ ಹತ್ತಿತ್ತು.

ಕೊನೆಗೆ ಗುನುಗು ನಿಲ್ಲಿಸಿದ್ದು ಕಲ್ಲು. ನಮ್ಮ ಶೆಡ್ಡಿನಿಂದ ಸ್ವಲ್ಪ ದೂರದಲ್ಲಿ ವಿಗ್ರಹ ಕೆತ್ತುವವರಿದ್ದಾರೆ. ಅವರಲ್ಲಿ ಬಳಪದ ಕಲ್ಲಿನ ತೆಳು ಚಕ್ಕೆಗಳು ಬಿದ್ದಿರುತ್ತವೆ. ಒಂದು ದಿನ ಟೀ ಕುಡಿಯುತ್ತ ಒಂದು ಚಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ತಟ್ ಎಂದಿತು, ಅಷ್ಟೆ. ಸದ್ದು ಹುಟ್ಟಿದ ಕಡೆಯೇ ಆರಿಹೋಯಿತು. ಮತ್ತೆ ಮತ್ತೆ ತಟ್ಟಿದೆ. ಕೆತ್ತುವವರು ನನ್ನ ಮುಖ ನೋಡಿದರು. ಆ ಕಲ್ಲನ್ನು ಹಲಗೆಯ ಹಾಗೆ ಕೊಯ್ಸಿ, ಪೆಟ್ಟಿಗೆಯ ಒಳಮೈಗೆ ಅಂಟಿಸಿದೆ. ಸಣ್ಣ ಪೆಟ್ಟಿಗೆ ಎತ್ತುವುದಕ್ಕೆ ಎರಡೂ ಕೈ ಬೇಕಾಯಿತು.

ಡಾಕ್ಟರಮ್ಮ ಸ್ಟೆತಾಸ್ಕೋಪು ಇಟ್ಟರು. ಪಕ್ಕೆ, ಬೆನ್ನು, ನೆತ್ತಿ, ಎಲ್ಲ ಕಡೆ ಇಟ್ಟು ಇಟ್ಟು ಕೇಳಿದರು.

"ಏನೂ ಇಲ್ಲ," ಅಂದರು ಕೊನೆಗೆ. "ನನ್ನ ಕೆಲಸದಲ್ಲಿ ಹೀಗೆ ಏನೂ ಕೇಳದೆ ಇದ್ದರೆ ಕೆಟ್ಟ ಸುದ್ದಿ. ನಿಮ್ಮ ಕೆಲಸದಲ್ಲಿ ಒಳ್ಳೇದು."

ಆ ದಿನ ನನ್ನ ಹೆಂಡತಿಯೂ ಬಂದಿದ್ದಳು. ಡಾಕ್ಟರಮ್ಮ ಪೆಟ್ಟಿಗೆಗಳನ್ನು ಗೋಡೆಯಿಂದ ಮುಂದಕ್ಕೆ ಎಳೆಸಿ, ಕಾಲುಮಣೆಗಳ ಮೇಲೆ ಇಡಿಸಿದರು. ಎರಡೂ ಕುರ್ಚಿಯ ಕಡೆಗೆ ಕೊಂಚ ಮುಖ ತಿರುಗಿಸಿದ್ದವು. ಎರಡು ಪೆಟ್ಟಿಗೆಯೂ ಕುರ್ಚಿಯಿಂದ ಒಂದೇ ದೂರದಲ್ಲಿರಬೇಕು ಎಂದು ದಾರ ಹಿಡಿದು ನೋಡಿದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಅದೇ ಸಿ.ಡಿ., ಅದೇ ಹಾಡು.

ಅದನ್ನು ಹೇಗೆ ಹೇಳಲಿ... ಮೊದಲು ತಂಬೂರಿ ಬಂತು. ಅದು ಎಡಗಡೆ ಪೆಟ್ಟಿಗೆಯಿಂದಲೂ ಬರಲಿಲ್ಲ, ಬಲಗಡೆಯದರಿಂದಲೂ ಬರಲಿಲ್ಲ. ಹಿಂದಿನ ಗೋಡೆ ಇದ್ದ ಜಾಗದಲ್ಲಿ ಗೋಡೆ ಇಲ್ಲದ ಹಾಗೆ, ಅದರಾಚೆ ಒಂದು ಹಜಾರ ಇದ್ದು, ಅಲ್ಲಿ ಯಾರೋ ಮೀಟುತ್ತಿರುವ ಹಾಗೆ ಬಂತು. ಆಮೇಲೆ ಯಾರೋ ಉಸಿರೆಳೆದುಕೊಂಡರು. ನನ್ನ ಹೆಂಡತಿ ಇರಬೇಕೆಂದು ತಿರುಗಿ ನೋಡಿದೆ. ಅವಳಲ್ಲ. ಹಾಡುವವಳು. ಉಸಿರೆಳೆದುಕೊಂಡು, ತುಟಿ ತೆರೆದು, ಹಾಡಿದಳು. ಎರಡು ಪೆಟ್ಟಿಗೆಯ ನಡುವೆ, ಏನೂ ಇಲ್ಲದ ಬಯಲಿನಲ್ಲಿ, ನಿಂತು ಹಾಡಿದಳು. ಅವಳ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ನಾನು ಕೈಯಿಟ್ಟು ತೋರಿಸಬಹುದಿತ್ತು. ಬಲಕ್ಕೆ, ಸ್ವಲ್ಪ ಹಿಂದೆ, ಮೃದಂಗದವನು. ಎಡಕ್ಕೆ ತಾಳ. ತಾಳದ ಒಂದೊಂದು ಪೆಟ್ಟೂ ಹೊಳೆದು, ಎಳೆಎಳೆಯಾಗಿ ಸಣ್ಣಗಾಗಿ, ಎಲ್ಲಿ ಮುಗಿಯಿತು ಎಂದು ಗೊತ್ತಾಗದ ಹಾಗೆ ಮುಗಿಯುತ್ತಿತ್ತು.

ನನಗೆ ಮೈ ಜುಮ್ಮೆಂದಿತು. ದೇವಸ್ಥಾನದಲ್ಲಿ ಗರ್ಭಗುಡಿಯ ಬಾಗಿಲು ತೆರೆದಾಗ ಆಗುತ್ತದಲ್ಲ, ಹಾಗೆ. ನಾನು ಕೈಯಾರೆ ಕೊಯ್ದು, ಅಂಟು ಹಾಕಿ, ಉಣ್ಣೆ ತುಂಬಿದ ಪೆಟ್ಟಿಗೆಗಳು ಅವು. ಒಳಗೆ ಏನಿದೆ ಎಂದು ನನಗಿಂತ ಗೊತ್ತಿದ್ದವರಿಲ್ಲ. ಆದರೂ ಎದ್ದು ಹೋಗಿ ಆ ನಡುವಿನ ಜಾಗದಲ್ಲಿ ಕೈಯಾಡಿಸಿದೆ. ಹತ್ತಿರ ಹೋದಕೂಡಲೇ ಅವಳು ಮಾಯ. ಎರಡು ಪೆಟ್ಟಿಗೆ ಬೇರೆ ಬೇರೆಯಾಗಿ ಸದ್ದು ಮಾಡುತ್ತಿದ್ದವು. ಹಿಂದಕ್ಕೆ ಬಂದು ಕೂತೆ. ಮತ್ತೆ ಬಂದು ನಿಂತಳು.

ಡಾಕ್ಟರಮ್ಮ ನನ್ನನ್ನು ನೋಡುತ್ತಿದ್ದರು. ನಗಲಿಲ್ಲ. "ಎರಡು ಕಡೆಯಿಂದಲೂ ಅವಳ ದನಿ ಒಂದೇ ಸಮನಾಗಿ ಬರುತ್ತೆ. ತಲೆ ಅದನ್ನ ಸೇರಿಸಿ ನಡುವೆ ನಿಲ್ಲಿಸುತ್ತೆ," ಎಂದು ವಿವರಿಸಿದರು. ಆಮೇಲೆ, "ಇಷ್ಟು ವರ್ಷದಿಂದ ಗೊತ್ತು ನನಗೆ. ಆದರೂ ಪ್ರತಿ ಸಲ ಎದೆ ಹೊಡೆದುಕೊಳ್ಳುತ್ತೆ," ಅಂದರು.

ಅಲ್ಲಿಂದ ಮುಂದೆ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಬೇಲೂರಿಗೆ ಹೋಗುವುದು ರೂಢಿಯಾಯಿತು. ಇನ್ನೂ ಸಣ್ಣಪುಟ್ಟ ಕೆಲಸ ಉಳಿದಿತ್ತು. ಅಂಥ ಒಂದು ಭಾನುವಾರ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು.

"ಎಡಗಡೆ ಟ್ವೀಟರಿನಲ್ಲಿ ಏನೋ ಇದೆ ಆಚಾರ್ರೆ. ತಾಳ ಮಂಕಾಗಿದೆ. ಪೆಟ್ಟು ಕೇಳುತ್ತೆ, ಬಾಲ ಕೇಳಲ್ಲ."

ನಾನು ಕೇಳಿದೆ. ನನಗೆ ಸರಿಯಾಗೇ ಇತ್ತು. ನನ್ನ ಹೆಂಡತಿಯನ್ನು ಕೂರಿಸಿದೆವು. ಅವಳ ಕಿವಿ ನನ್ನದಕ್ಕಿಂತ ಚುರುಕು. ನನ್ನದು ಗರಗಸದ ಸದ್ದಿನಲ್ಲೇ ಸವೆದದ್ದು.

"ಚೆನ್ನಾಗೈತಲ್ಲ ಡಾಕ್ಟ್ರಮ್ಮ. ಟಿಣ್ ಅಂತ ಉದ್ದಕ್ಕೂ ಹೋಯ್ತದೆ," ಅಂದಳು.

ಅವರಿಗೆ ಸಮಾಧಾನವಾಗಲಿಲ್ಲ. ಎರಡು ಪೆಟ್ಟಿಗೆಗಳನ್ನು ಅದಲುಬದಲು ಮಾಡಿಸಿದರು. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ತಪ್ಪು ಪೆಟ್ಟಿಗೆಯದಾಗಿದ್ದರೆ ಮಂಕು ಈಗ ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಅವರಿಗೆ ಎಡಗಡೆಯೇ ಮಂಕು. ಆಂಪ್ಲಿಫೈಯರಿನ ತಂತಿ ಬದಲಿಸಿದೆವು. ತಾಳ ಈಗ ಬಲಗಡೆಯಿಂದ ಬಂತು. ಅವರ ಮುಖ ಬೆಳಗಿತು; ತಾಳ ಹೊಳೆಯುತ್ತಿದೆ ಅಂದರು. ಆದರೆ ಎಡಕ್ಕೆ ಬಂದ ಮೃದಂಗದ ಚಾಪು, ಆ ಚುರುಕು ಪೆಟ್ಟು, ಅವರಿಗೆ ಮಂಕಾಗಿತ್ತು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. ಹೊರಗೆ ಕಾಯಿಲೆಯವರ ಎದುರು ಆ ಮುಖವನ್ನು ಹಿಂದೆಯೂ ನೋಡಿದ್ದೆ. ಏನೋ ಗೊತ್ತಾಗಿ, ಇನ್ನೂ ಹೇಳದೆ ಇರುವ ಮುಖ.

"ಕುರ್ಚಿ ತಿರುಗಿಸಿ," ಅಂದರು.

ಪೆಟ್ಟಿಗೆಗಳಿಗೆ ಬೆನ್ನು ಕೊಟ್ಟು ಕೂತರು. ಈಗ ಬಲಗಡೆಯ ಪೆಟ್ಟಿಗೆ ಅವರ ಎಡಗಿವಿಗೆ. ಇಷ್ಟು ಹೊತ್ತು ಹೊಳೆಯುತ್ತಿದ್ದ ಅದೇ ತಾಳ ಬಂತು. ಡಾಕ್ಟರಮ್ಮ ಕಣ್ಣು ಮುಚ್ಚಿ ಕೇಳಿದರು. ನಿಧಾನವಾಗಿ ಎಡಗೈ ಎತ್ತಿ, ಎಡಗಿವಿಯ ಮೇಲೆ ಮುಚ್ಚಿದರು. ತೆಗೆದರು. ಮತ್ತೆ ಮುಚ್ಚಿದರು.

"ಪೆಟ್ಟಿಗೆಗಳಲ್ಲಿ ಏನೂ ತಪ್ಪಿಲ್ಲ," ಅಂದರು. ಎದ್ದು ಹಾಡು ನಿಲ್ಲಿಸಿ, ನಮಗೆ ಕಾಫಿ ಮಾಡಲು ಒಳಗೆ ಹೋದರು.

ನಾನು ಎಂಥ ದಡ್ಡ. ನನ್ನ ಕೆಲಸದಲ್ಲಿ ತಪ್ಪಿಲ್ಲವಲ್ಲ ಎಂದು ಆ ಕ್ಷಣಕ್ಕೆ ನಿರಾಳವಾಯಿತು. ಬಸ್ಸಿನಲ್ಲಿ ನನ್ನ ಹೆಂಡತಿಯೇ ಹೇಳಿದ್ದು: "ಅವ್ರ ಕಿವೀಲಿ ಏನೋ ಆಗೈತೆ ಕಣ್ರೀ."

ಮುಂದಿನ ಭಾನುವಾರ ಮನೆಗೆ ಬೀಗ. ಅದರ ಮುಂದಿನದಕ್ಕೂ ಬೀಗ. ಆಮೇಲೆ ಒಂದು ದಿನ ಅವರೇ ಹಳೇಬೀಡಿಗೆ ಬಂದರು. ಶೆಡ್ಡಿನ ಮುಂದೆ ಆಟೋದಿಂದ ಇಳಿದು, ಮರದ ಹೊಟ್ಟಿನ ಮೇಲೆ ಹೆಜ್ಜೆ ಇಟ್ಟುಕೊಂಡು ಒಳಗೆ ಬಂದು, ನಾನು ಒರೆಸಿ ಕೊಟ್ಟ ಸ್ಟೂಲಿನ ಮೇಲೆ ಕೂತರು. ನನ್ನ ಹೆಂಡತಿಯನ್ನೂ ಕರೆಯಲು ಹೇಳಿದರು.

ಬೆಂಗಳೂರಿನಲ್ಲಿ ಸ್ಕ್ಯಾನ್ ಆಗಿತ್ತು. ಎಡಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಂಟು. ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಬೆಳೆದು ಮೆದುಳನ್ನೇ ಒತ್ತುತ್ತದೆ. ತೆಗೆಸಬೇಕು. ತೆಗೆದರೆ ಆ ಕಿವಿ ಪೂರ್ತಿ ಹೋಗುತ್ತದೆ. ಇದನ್ನೆಲ್ಲ ಬೇರೆ ಯಾರದೋ ಕಾಯಿಲೆಯ ವಿಷಯ ಹೇಳುವ ಹಾಗೆ ಹೇಳಿದರು.

"ಇಷ್ಟು ಸಣ್ಣದಿರುವಾಗಲೇ ಹೇಗೆ ಗೊತ್ತಾಯಿತು ಅಂತ ಅಲ್ಲಿನ ಡಾಕ್ಟರಿಗೆ ಆಶ್ಚರ್ಯ," ಅಂದರು. "ಹಳೇಬೀಡಿನ ಆಚಾರ್ರು ಮಾಡಿದ ಪೆಟ್ಟಿಗೆ ಹೇಳಿತು ಅಂದೆ. ಅವರಿಗೆ ಅರ್ಥವಾಗಲಿಲ್ಲ."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ಕಿವಿಯಲ್ಲಿ ನಡುವೆ ನಿಂತವಳು ಕೇಳುವುದಿಲ್ಲ ಎಂಬುದು ನನಗೂ ಆಗಲೇ ಹೊಳೆದಿತ್ತು. ಎರಡು ಕಿವಿ ಬೇಕು ಅವಳನ್ನು ನಿಲ್ಲಿಸುವುದಕ್ಕೆ.

"ಹೋಗುವ ಮುಂಚೆ ಒಂದು ಸಲ ಸರಿಯಾಗಿ ಕೇಳಬೇಕು ನಾನು," ಅಂದರು. "ಈಗ ಎಡಕ್ಕೆ ಮಂಕಾಗಿ, ಎಲ್ಲ ಬಲಕ್ಕೆ ವಾಲಿದೆ. ಅದನ್ನ ಹೇಗಾದರೂ ನೆಟ್ಟಗೆ ಮಾಡಬೇಕಲ್ಲ."

ಉಪಾಯ ಕೊಟ್ಟವಳು ನನ್ನ ಹೆಂಡತಿ. ಅದೂ ಹೆದರಿಕೊಂಡು. "ಎಡಗಡೇದನ್ನೇ ಒಸಿ ಜೋರು ಮಾಡಿದ್ರೆ ಆಗಲ್ವಾ? ನಮ್ಮತ್ತೆ ಮಂದ ಕಿವಿ ಕಡೆ ಹೋಗಿ ನಾವು ಗಟ್ಟಿಯಾಗಿ ಮಾತಾಡ್ತಿದ್ವಲ್ಲ, ಹಂಗೆ."

ಡಾಕ್ಟರಮ್ಮ ಅವಳನ್ನೇ ನೋಡಿದರು. ಎದ್ದು ಬಂದು ಅವಳ ಭುಜ ಹಿಡಿದುಕೊಂಡರು.

ಮಾರನೆಯ ದಿನ ಅವರ ಮನೆಯಲ್ಲಿ ಎಡಗಡೆ ಪೆಟ್ಟಿಗೆಯ ಬೆನ್ನು ಬಿಚ್ಚಿದೆ. ಟ್ವೀಟರಿನ ಸದ್ದನ್ನು ಹದದಲ್ಲಿ ಇಡುವುದಕ್ಕೆ ಅದರ ದಾರಿಯಲ್ಲಿ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಅದನ್ನು ಬದಲಿಸಿ ಬದಲಿಸಿ ಬೆಸುಗೆ ಹಾಕಿದೆ. ಆಂಪ್ಲಿಫೈಯರಿನಲ್ಲಿ ಎಡಕ್ಕೆ ಸ್ವಲ್ಪ ಹೆಚ್ಚು ಕೊಟ್ಟೆವು. ಒಂದೊಂದು ಸಲವೂ ಅವರು ಕೂತು ಕೇಳಿ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನುತ್ತಿದ್ದರು. ನಮ್ಮ ಕಿವಿಗೆ ಎಲ್ಲ ಎಡಕ್ಕೆ ವಾಲತೊಡಗಿತು. ತಾಳ ಕಿವಿಗೆ ಚುಚ್ಚುವ ಹಾಗಾಯಿತು. ಮಧ್ಯಾಹ್ನ ಕಳೆದು ಬಿಸಿಲು ಕಿಟಕಿಯಿಂದ ಪುಸ್ತಕಗಳ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ ಅವರು ಒಮ್ಮೆಲೇ ಕೈಯೆತ್ತಿ, ನಿಲ್ಲಿ ಎಂಬಂತೆ ಸನ್ನೆ ಮಾಡಿದರು.

ಹಾಡು ಮೊದಲಿಂದ ಹಾಕಿದೆ.

ಅವರ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಅಷ್ಟು ವರ್ಷ ಬೇರೆಯವರ ಎದೆಯ ಸದ್ದು ಕೇಳಿ ಕೇಳಿ ಗಟ್ಟಿಯಾಗಿದ್ದ ಮುಖ, ಒಬ್ಬ ಹುಡುಗಿಯ ಮುಖದ ಹಾಗೆ ತೆರೆದುಕೊಂಡಿತು. ಕಣ್ಣು ಮುಚ್ಚಿರಲಿಲ್ಲ. ಎರಡು ಪೆಟ್ಟಿಗೆಯ ನಡುವಿನ ಬಯಲನ್ನೇ ನೋಡುತ್ತಿದ್ದರು, ಅಲ್ಲಿ ಬಂದು ನಿಂತವರನ್ನು ಕಣ್ಣಾರೆ ನೋಡುವ ಹಾಗೆ. ಕೈ ಮುಂದೆ ಚಾಚಿ, "ಇಲ್ಲಿ," ಅಂದರು. ಸರಿಯಾಗಿ ನಟ್ಟನಡುವೆ.

"ನಮಗೆ ಒಸಿ ಎಡಕ್ಕವ್ರೆ ಡಾಕ್ಟ್ರಮ್ಮ," ಅಂದಳು ನನ್ನ ಹೆಂಡತಿ.

"ಇರಲಿ ಬಿಡಮ್ಮ. ಇವತ್ತು ನನ್ನ ಎದುರಿಗೆ ನಿಂತಿದ್ದಾಳೆ."

ಸಂಜೆ ದೀಪ ಹಚ್ಚುವ ತನಕ ಕೇಳಿದರು. ಒಂದಾದಮೇಲೆ ಒಂದು ಸಿ.ಡಿ. ನಾನು ಬದಲಿಸುತ್ತಿದ್ದೆ. ವೀಣೆ, ಕೊಳಲು, ಯಾವುದೋ ದೇಶದ ಪಿಯಾನೋ... ಮಧ್ಯೆ ಒಮ್ಮೆ ಅವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ನಾವು ನೋಡಿದ್ದೇವೆಂಬ ಸಂಕೋಚವೂ ಅವರಿಗಿರಲಿಲ್ಲ. ಆ ಜೋಡಿ ಪೆಟ್ಟಿಗೆ ಆ ದಿನ ಲೋಕದಲ್ಲಿ ಅವರೊಬ್ಬರ ಕಿವಿಗೆ ಮಾತ್ರ ಸರಿಯಾಗಿತ್ತು. ಉಳಿದವರಿಗೆಲ್ಲ ಸೊಟ್ಟ. ನನ್ನ ಕೈಯಿಂದ ಅದಕ್ಕಿಂತ ನೆಟ್ಟಗಿನ ಕೆಲಸ ಆಗಿಲ್ಲ.

ಮರುದಿನ ಬೆಂಗಳೂರಿಗೆ ಹೋದರು.

ಆಪರೇಷನ್ ಚೆನ್ನಾಗಿ ಆಯಿತು. ಕೆಲವು ತಿಂಗಳು ತಮ್ಮನ ಮನೆಯಲ್ಲಿದ್ದು ಬಂದರು. ಮುಖದ ಎಡಭಾಗ ಸ್ವಲ್ಪ ಇಳಿಬಿದ್ದಿತ್ತು, ನಕ್ಕರೆ ಒಂದೇ ಕಡೆ ನಗುತ್ತಿತ್ತು. ನಡೆಯುವಾಗ ಮೊದಮೊದಲು ಗೋಡೆ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಅದೂ ಸರಿಹೋಯಿತು. ಕ್ಲಿನಿಕ್ಕು ತೆರೆದರು. ಸ್ಟೆತಾಸ್ಕೋಪಿನ ಒಂದೇ ತುದಿ ಕೆಲಸಕ್ಕೆ ಬರುತ್ತಿದ್ದರೂ ಎರಡನ್ನೂ ಕಿವಿಗೆ ಹಾಕಿಕೊಳ್ಳುತ್ತಿದ್ದರು. ಜನ ಅವರ ಬಲಗಡೆ ಕೂರುವುದನ್ನು ಕಲಿತರು.

ಒಳಗಿನ ಕೋಣೆಯ ಪೆಟ್ಟಿಗೆಗಳ ಮೇಲೆ ಬಟ್ಟೆ ಮುಚ್ಚಿತ್ತು. ನಾವು ಹೋದಾಗ ಅದರ ಮಾತು ಅವರೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ. ಬಹಳ ದಿನ ಹಾಗೇ ಹೋಯಿತು. ಒಂದು ಭಾನುವಾರ ಊಟ ಮುಗಿಸಿ ಕೂತಿದ್ದಾಗ ಅವರೇ ಎದ್ದು ಹೋಗಿ ಬಟ್ಟೆ ತೆಗೆದರು.

"ಆಚಾರ್ರೆ, ಎಡಗಡೇದನ್ನ ಮೊದಲಿನ ಹಾಗೆ ಮಾಡಿ," ಅಂದರು. "ಈಗ ಯಾರಿಗೋಸ್ಕರ ಅದು ಸೊಟ್ಟಗಿರಬೇಕು?"

ಬೆನ್ನು ಬಿಚ್ಚಿ ಹಳೆಯ ರೆಸಿಸ್ಟರ್ ಹಾಕಿದೆ. ಬೆಸುಗೆ ಸರಿಯಾಗಿ ಕೂರಲಿಲ್ಲ, ಎರಡನೆಯ ಸಲ ಹಾಕಬೇಕಾಯಿತು. ಅವರು ನನ್ನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕೂತರು. ಹಾಡು ಶುರುವಾಯಿತು.

"ಎಲ್ಲಿ ನಿಂತಿದ್ದಾಳೆ, ತೋರಿಸು," ಅಂದರು.

ನನ್ನ ಹೆಂಡತಿ ಕೈ ಚಾಚಿದಳು. ನಟ್ಟನಡುವೆ.

"ಎಷ್ಟು ಎತ್ತರ?"

"ನನ್ನಷ್ಟೇ ಅವ್ರೆ. ಒಂಚೂರು ಹಿಂದಕ್ಕೆ ನಿಂತವ್ರೆ. ಈಗ ತಲೆ ಆ ಕಡೆ ತಿರುಗಿಸಿದ್ರು."

ಡಾಕ್ಟರಮ್ಮ ಅವಳ ಬೆರಳು ತೋರಿಸಿದ ಕಡೆಯೇ ನೋಡುತ್ತಿದ್ದರು. ನಿಮಗೆ ಹೇಗೆ ಕೇಳಿಸುತ್ತದೆ ಎಂದು ನಾನು ಕೇಳಬಾರದಿತ್ತೇನೋ, ಕೇಳಿದೆ. ಅವರು ಯೋಚಿಸಿ ಉತ್ತರ ಕೊಟ್ಟರು. "ಹಾಡು ಚೆನ್ನಾಗೇ ಕೇಳುತ್ತೆ. ನನಗೆ ಒಂದು ಗೋಡೆ ಹಾಡ್ತಿದೆ. ನಿಮಗೆ ಒಬ್ಬ ಹೆಂಗಸು ಹಾಡ್ತಿದ್ದಾಳೆ. ಅಷ್ಟೇ."

ಅಷ್ಟೇ ಎಂದದ್ದು ದುಃಖದಲ್ಲಿ ಅಲ್ಲ. ನನ್ನ ಹೆಂಡತಿ ಬೆರಳು ತೋರಿಸಿದಾಗಲೆಲ್ಲ ಅವರ ಮುಖದ ಬಲಭಾಗ ನಗುತ್ತಿತ್ತು.

ಆಮೇಲೆ ಅವರು ಆ ಕುರ್ಚಿಯಲ್ಲಿ ಯಾರ್ಯಾರನ್ನೋ ಕೂರಿಸತೊಡಗಿದರು. ಭಾನುವಾರ ಮಧ್ಯಾಹ್ನ ಆ ಮನೆಗೆ ಬಂದವರಿಗೆಲ್ಲ ಒಂದು ಹಾಡು. ಪಕ್ಕದ ಮನೆಯ ಹೆಂಗಸರು, ಔಷಧಿ ಅಂಗಡಿಯವರು, ಜ್ವರ ಬಿಟ್ಟ ಮಕ್ಕಳ ಅಪ್ಪಂದಿರು. ಯಾರಿಗೂ ಮೊದಲೇ ಏನನ್ನೂ ಹೇಳುತ್ತಿರಲಿಲ್ಲ. ಕೂರಿಸುವುದು, ಹಾಡು ಹಾಕುವುದು, ಅವರ ಮುಖ ನೋಡುವುದು.

ಹುಲಿಕೆರೆಯಿಂದ ಬರುತ್ತಿದ್ದ ಒಬ್ಬ ಮುದುಕಿ ನನಗೆ ಚೆನ್ನಾಗಿ ನೆನಪಿದ್ದಾಳೆ. ಮಂಡಿನೋವಿಗೆ ತೋರಿಸಲು ಬಂದವಳು. ಕುರ್ಚಿಯಲ್ಲಿ ಕೂರುವುದಕ್ಕೇ ಒಪ್ಪಲಿಲ್ಲ, ಬಲವಂತವಾಗಿ ಕೂರಿಸಿದರು. ಹಾಡುವವಳು ಉಸಿರೆಳೆದುಕೊಂಡಕೂಡಲೇ ಮುದುಕಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಮನೆಗೆ ಯಾರೋ ದೊಡ್ಡವರು ಬಂದ ಹಾಗೆ. ಹಾಡು ಮುಗಿಯುವವರೆಗೂ ಅಲುಗಲಿಲ್ಲ.

"ಎಲ್ಲಿದ್ದಾಳೆ ಅಜ್ಜಿ?" ಎಂದು ಕೇಳಿದರು ಡಾಕ್ಟರಮ್ಮ.

"ಇಲ್ಲೇ ಅವ್ಳಲ್ಲವ್ವ," ಅಂದಳು ಮುದುಕಿ, ಬಯಲಿಗೆ ಕೈ ತೋರಿಸಿ. ಧ್ವನಿ ಸಣ್ಣಗಾಗಿತ್ತು. "ನಿಂಗೆ ಕಾಣಾಕಿಲ್ವಾ?"

"ಇಲ್ಲ ಅಜ್ಜಿ. ನೀನು ಹೇಳು."

ಮುದುಕಿ ಹೇಳಿದಳು. ವಯಸ್ಸು ಎಷ್ಟಿರಬಹುದು, ಎಲ್ಲಿ ಉಸಿರು ಸಾಲದೆ ಬಂತು, ಎಲ್ಲಿ ನಕ್ಕ ಹಾಗೆ ಆಯಿತು, ಎಲ್ಲ. ಮಂಡಿನೋವಿನ ಮಾತು ಆ ದಿನ ಯಾರೂ ತೆಗೆಯಲೇ ಇಲ್ಲ. ಡಾಕ್ಟರಮ್ಮ ಬಲಗಿವಿಯನ್ನು ಅವಳ ಕಡೆ ಕೊಟ್ಟು, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ತಮಗೆ ಇನ್ನು ಕೇಳದ ಒಂದನ್ನು ಇನ್ನೊಬ್ಬರ ಬಾಯಿಂದ ಅಷ್ಟು ಆಸೆಯಿಂದ, ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲದೆ ಕೇಳಿಸಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ಪೆಟ್ಟಿಗೆ ಮಾಡಿದವನು ನಾನು. ಆದರೆ ಆ ಕೋಣೆಯಲ್ಲಿ ನಾನು ಬೆರಗಾಗಿ ನೋಡುತ್ತಿದ್ದದ್ದು ಪೆಟ್ಟಿಗೆಯನ್ನಲ್ಲ.

ಹೀಗೆ ಎಷ್ಟೋ ವರ್ಷ ನಡೆಯಿತು... ಹೋದ ವರ್ಷ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಡಾಕ್ಟರಮ್ಮ ತೀರಿಕೊಂಡರು. ಹಳೆಯ ಗಂಟಿನಿಂದಲ್ಲ. ಹೃದಯದ ತೊಂದರೆ. ಮಲಗಿದ್ದವರು ಏಳಲಿಲ್ಲ. ಬೇಲೂರಿನ ಆ ಬೀದಿಯಲ್ಲಿ ಅಷ್ಟು ಜನರನ್ನು ನಾನು ದೇವರ ಕೆಲಸಕ್ಕಲ್ಲದೆ ಬೇರೆ ಯಾವಾಗಲೂ ನೋಡಿರಲಿಲ್ಲ. ಹುಲಿಕೆರೆಯ ಮುದುಕಿ ಬಂದಿರಲಿಲ್ಲ, ಅವಳು ಮೊದಲೇ ಹೋಗಿದ್ದಳು.

ಅವರ ತಮ್ಮ ಮನೆ ಮಾರಿದರು. ತಪ್ಪೇನಿಲ್ಲ, ಅವರಿಗೆ ಇಲ್ಲೇನಿದೆ. ಕೊಂಡವರು ಮನೆ ಕೆಡವಿ, ದೇವಸ್ಥಾನ ನೋಡಲು ಬರುವವರಿಗೆ ಲಾಡ್ಜ್ ಕಟ್ಟಿಸುತ್ತಿದ್ದಾರೆ. ಪುಸ್ತಕದ ಗೋಡೆ ಇದ್ದ ಕಡೆ ಈಗ ಕಬ್ಬಿಣದ ಸರಳು ನಿಂತಿವೆ. ಪೆಟ್ಟಿಗೆಗಳನ್ನು ತಮ್ಮನವರೇ ಕಾರಿನಲ್ಲಿ ತಂದು ನಮ್ಮ ಮನೆಗೆ ಇಳಿಸಿ ಹೋದರು. ಅಕ್ಕ ಹೇಳಿದ್ದರು ಅಂದರು.

ನಮ್ಮ ಮನೆಯ ಹಜಾರ ಚಿಕ್ಕದು, ರಸ್ತೆಗೆ ಹತ್ತಿರ. ಬಸ್ಸು ಹೋದಾಗ ಕಿಟಕಿ ಅದುರುತ್ತದೆ. ಟಿ.ವಿ. ಸರಿಸಿ, ಮಂಚ ಸರಿಸಿ, ದಾರ ಹಿಡಿದು ಜಾಗ ನೋಡಿ ಇಟ್ಟೆ. ಬಹಳ ಸಲ ಅಲ್ಲಿಗೂ ಇಲ್ಲಿಗೂ ಎತ್ತಿಟ್ಟೆ. ಆ ಕೋಣೆಯಲ್ಲಿ ಇದ್ದಷ್ಟು ಆಳ ಇಲ್ಲಿ ಬರುವುದಿಲ್ಲ, ತಂಬೂರಿ ಗೋಡೆಯಾಚೆ ಹೋಗುವುದಿಲ್ಲ. ಆದರೂ ಅವಳು ಬಂದು ನಿಲ್ಲುತ್ತಾಳೆ. ತಾಳದ ಬಾಲ ಈಗ ನನಗೆ ಅಷ್ಟು ಉದ್ದಕ್ಕೆ ಕೇಳುವುದಿಲ್ಲ. ನನ್ನ ಹೆಂಡತಿಗೆ ಕೇಳುತ್ತದಂತೆ.

ಭಾನುವಾರ ಊಟವಾದಮೇಲೆ ಇಬ್ಬರೂ ಮಂಚದ ಮೇಲೆ ಕೂತು ಒಂದು ಹಾಡು ಕೇಳುತ್ತೇವೆ. ಹಾಡು ಮುಗಿಯುತ್ತದೆ. ಮುಗಿದಮೇಲೆ ನಾವು ಏಳುವುದಿಲ್ಲ, ಮಾತೂ ಆಡುವುದಿಲ್ಲ. ಎಲ್ಲಿದ್ದಾಳೆ ಹೇಳು ಎಂದು ಡಾಕ್ಟರಮ್ಮ ಕೇಳುತ್ತಿದ್ದದ್ದು ಆ ಹೊತ್ತಿನಲ್ಲೇ. ನನ್ನ ಹೆಂಡತಿ ಎದುರಿನ ಬಯಲನ್ನು ನೋಡುತ್ತ, ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡವಳ ಹಾಗೆ ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ ಎದ್ದು ಒಳಗೆ ಹೋಗುತ್ತಾಳೆ.